ದೋಣಿಗೂ ಬಿಯರಿಗೂ ಒಂದೇ ಟಿಕೆಟ್ ಬೇಕಾ?

ರಜೆಗೆ ಊರಿಗೆ ಬಂದಿದ್ದೆ. ಮಂಡ್ಯದ ಹತ್ತಿರ ಚಿಕ್ಕಪ್ಪನ ಮನೆ. ಮೈಸೂರಿನಲ್ಲಿ ಕೆಲಸದಲ್ಲಿರುವ ತಮ್ಮ, ಅಂದರೆ ಚಿಕ್ಕಪ್ಪನ ಮಗ, ಹೆಂಡತಿ ಮಗಳನ್ನು ಕರೆದುಕೊಂಡು ಬಂದಿದ್ದ. ಮುಂದಿನ ಬೇಸಿಗೆಗೆ ಇವರೆಲ್ಲ ನಮ್ಮ ಮನೆಗೆ, ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೀನಿಗೆ ಬರುತ್ತಿದ್ದಾರೆ. ಚಿಕ್ಕಪ್ಪ, ಚಿಕ್ಕಮ್ಮನೂ ಸೇರಿ ಐದು ಜನ. ಊಟ ಮುಗಿಸಿ ಜಗಲಿಗೆ ಬಂದು ಕೂತಾಗ ತಮ್ಮ ಮೊಬೈಲ್ ಮುಂದೆ ಹಿಡಿದ.

"ಅಣ್ಣಾ, ಕಾಲುವೆ ದೋಣಿಗೂ ಹೈನೆಕೆನ್ ಬ್ರೂವರಿಗೂ ಸೇರಿಸಿ ಒಂದೇ ಟಿಕೆಟ್ ಕೊಡ್ತಾರಂತೆ. ಬೇರೆ ಬೇರೆ ತಗೊಂಡ್ರೆ ಜಾಸ್ತಿ ಆಗುತ್ತೆ. ಐದೂ ಜನಕ್ಕೆ ಈಗ್ಲೇ ಹಾಕ್ಬಿಡ್ಲಾ?"

ಬೇಡ ಅಂದೆ. ಅವನಿಗೆ ಆಶ್ಚರ್ಯ. ಎಂಟು ವರ್ಷದಿಂದ ಅಲ್ಲೇ ಇರುವ ಅಣ್ಣ ಕಣ್ಣುಮುಚ್ಚಿ ಹೂಂ ಅನ್ನುತ್ತಾನೆ ಅಂದುಕೊಂಡಿದ್ದ. ನಾನು ಬೇಡ ಅಂದದ್ದಕ್ಕೆ ಕಾರಣ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯುರೋಪಿಗೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ನಮ್ಮ ಕಡೆಯವರು ಈಗ ತುಂಬಾ ಜನ ಇದ್ದಾರೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಮೊದಲು ದುಡ್ಡಿನ ಲೆಕ್ಕ. ಬ್ರೂವರಿ ಟಿಕೆಟ್ ಒಂದೇ ಇಪ್ಪತ್ತು ಯೂರೋ ದಾಟುತ್ತದೆ. ದೋಣಿಯದ್ದು ಅದಕ್ಕಿಂತ ಸ್ವಲ್ಪ ಕಡಿಮೆ. ಎರಡನ್ನೂ ಜೋಡಿಸಿದರೆ ಒಬ್ಬರಿಗೆ ಉಳಿಯುವುದು ಒಂದು ಕಾಫಿ, ಹೆಚ್ಚೆಂದರೆ ಒಂದು ತಿಂಡಿಯ ದುಡ್ಡು. ನಿಜವಾಗಿ ಎರಡನ್ನೂ ನೋಡುವವರಿಗೆ ಅದು ಲಾಭ. ಒಂದನ್ನು ಮಾತ್ರ ನೋಡುವ ಮನಸ್ಸಿರುವವರಿಗೆ ಆ ಕಾಫಿ ದುಡ್ಡು ಉಳಿಸೋಕೆ ಎರಡು ಸಾವಿರ ರೂಪಾಯಿ ಖರ್ಚು. ನಮ್ಮ ಐದು ಜನರಲ್ಲಿ ಬಿಯರ್ ಮುಟ್ಟುವವನು ತಮ್ಮ ಒಬ್ಬನೇ. ಮಗಳು ಇನ್ನೂ ಪಿಯುಸಿ. ಅಲ್ಲಿ ಹದಿನೆಂಟು ತುಂಬದವರಿಗೆ ಬಿಯರ್ ಕೊಡುವುದಿಲ್ಲ, ದೊಡ್ಡವರ ಜೊತೆ ಒಳಗೆ ಹೋಗಿ ನೋಡಬಹುದು ಅಷ್ಟೆ.

ಇದನ್ನು ನಾನು ಕಲಿತದ್ದು ನಮ್ಮ ಅಪ್ಪ ಅಮ್ಮ ಬಂದಾಗ. ಆಗ ನಾನೂ ಇಂಥದ್ದೇ ಜೋಡಿ ಟಿಕೆಟ್ ತೆಗೆಸಿದ್ದೆ. ಅಮ್ಮ ಬ್ರೂವರಿಯೊಳಗೆ ಒಂದೂವರೆ ಗಂಟೆ ನಡೆದಳು. ಕೊನೆಯಲ್ಲಿ ಬಾರಿಗೆ ಬಂದಾಗ ಅವಳಿಗೆ ತಂಪು ಪಾನೀಯ ಕೊಟ್ಟರು, ಕುಡಿಯದವರಿಗೆ ಆ ಅನುಕೂಲ ಇದೆ. ಆದರೆ ಆ ಹಾಡಿನ ಗದ್ದಲದಲ್ಲಿ ಅಮ್ಮ ಸೆರಗು ಹೊದ್ದು ಒಂದು ಮೂಲೆಯಲ್ಲಿ ನಿಂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. "ಪರವಾಗಿಲ್ಲ ಕಣೋ, ನೀನು ಕುಡಿ" ಅಂದಳು. ಅಲ್ಲಿಂದ ದೋಣಿ ಹತ್ತುವ ಹೊತ್ತಿಗೆ ಮಳೆ. ಮೇಲೆಲ್ಲ ಗಾಜು ಮುಚ್ಚಿದ ದೋಣಿ, ಒಳಗೆ ಜನ ತುಂಬಿ ಗಾಜಿಗೆಲ್ಲ ಆವಿ ಹಿಡಿದಿತ್ತು. ಅಮ್ಮ ಕರ್ಚೀಫಿನಲ್ಲಿ ಒರೆಸಿ ಒರೆಸಿ ನೋಡಿದಳು. ದೋಣಿ ನಡೆಸುವವರನ್ನು ನಾಳೆ ಬರಬಹುದಾ ಅಂತ ಕೇಳಿದ್ದೆ. ಜೋಡಿ ಟಿಕೆಟಿಗೆ ಆಗಲ್ಲ ಅಂದುಬಿಟ್ಟರು. ಬರೀ ದೋಣಿ ಟಿಕೆಟ್ ಆಗಿದ್ದರೆ ಮೋಡ ನೋಡಿಕೊಂಡು ಬಿಸಿಲಿದ್ದ ದಿನ ತೆಗೆಯುತ್ತಿದ್ದೆ. ಆ ತಪ್ಪು ನನ್ನದು.

ಹಾಗಂತ ಬ್ರೂವರಿ ಕೆಟ್ಟದ್ದು ಅಂತಲ್ಲ. ಅದು ಸ್ಟಾಡ್‌ಹೌಡರ್ಸ್‌ಕಾಡೆ ರಸ್ತೆಯ ಹಳೇ ಇಟ್ಟಿಗೆ ಕಟ್ಟಡ, 1867ರದ್ದು. ಹೈನೆಕೆನ್ ಕುಟುಂಬ ಈ ವ್ಯಾಪಾರಕ್ಕೆ ಇಳಿದದ್ದು 1864ರಲ್ಲಿ. ದೊಡ್ಡ ದೊಡ್ಡ ತಾಮ್ರದ ಹಂಡೆಗಳು ಇನ್ನೂ ಹಾಗೇ ಹೊಳೆಯುತ್ತಿವೆ. ಆದರೆ ಒಂದು ವಿಷಯ ತಿಳಿದಿರಬೇಕು. ಅಲ್ಲಿ ಬಿಯರ್ ಕಾಯಿಸುವುದನ್ನು 1988ರಲ್ಲೇ ನಿಲ್ಲಿಸಿದರು. ಈಗ ಅದು ಕಾರ್ಖಾನೆ ಅಲ್ಲ, ಪ್ರದರ್ಶನ. ನಮ್ಮ ಕಡೆಯವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಅದೇ ಹೈನೆಕೆನ್ 2021ರಲ್ಲಿ ಕಿಂಗ್‌ಫಿಷರ್ ಮಾಡುವ ಯುನೈಟೆಡ್ ಬ್ರೂವರೀಸ್‌ನಲ್ಲಿ ತನ್ನ ಪಾಲನ್ನು ಅರ್ಧಕ್ಕಿಂತ ಹೆಚ್ಚು ಮಾಡಿಕೊಂಡಿತು. ಆ ಯುನೈಟೆಡ್ ಬ್ರೂವರೀಸ್‌ನ ಕಾರ್ಖಾನೆ ನಮ್ಮ ನಂಜನಗೂಡಿನಲ್ಲಿದೆ. ಬಿಯರ್ ಕಾಯಿಸುವುದು ನಂಜನಗೂಡಿನಲ್ಲಿ, ಟಿಕೆಟ್ ಕೊಟ್ಟು ನೋಡುವುದು ಆಮ್‌ಸ್ಟರ್‌ಡ್ಯಾಮಿನಲ್ಲಿ!

ನಿಜವಾಗಿ ಬಿಯರ್ ಮಾಡುವ ಜಾಗ ಬೇಕು ಅನ್ನುವವರಿಗೆ ನಾನು ಆಮ್‌ಸ್ಟರ್‌ಡ್ಯಾಮಿನ ಪೂರ್ವಕ್ಕಿರುವ ಡಿ ಗೂಯರ್ ಗಾಳಿಗಿರಣಿ ತೋರಿಸುತ್ತೇನೆ. ಅದರ ಬುಡದಲ್ಲಿ 1985ರಲ್ಲಿ ಶುರುವಾದ ಒಂದು ಸಣ್ಣ ಬ್ರೂವರಿ ಇದೆ. ಗಿರಣಿಯನ್ನು ಹೊರಗಿನಿಂದ ನೋಡೋಕೆ ದುಡ್ಡಿಲ್ಲ. ಬೇಕಿದ್ದವರು ಒಂದು ಲೋಟ ತೆಗೆದುಕೊಳ್ಳಬಹುದು, ಬೇಡದವರು ಬಿಸಿಲಿಗೆ ಕೂತಿರಬಹುದು. ಯಾರಿಗೂ ಬಲವಂತ ಇಲ್ಲ.

ಚಿಕ್ಕಮ್ಮ ಅಷ್ಟು ಹೊತ್ತು ಸುಮ್ನೆ ಕೇಳುತ್ತಿದ್ದವರು, "ಅದನ್ನ ಹ್ಯಾಗೆ ಮಾಡ್ತಾರಪ್ಪಾ?" ಅಂದರು. ಬಾರ್ಲಿ ನೆನೆಸಿ ಮೊಳಕೆ ಕಟ್ಟಿಸುತ್ತಾರೆ, ಒಣಗಿಸಿ ನುಚ್ಚು ಮಾಡಿ ಬಿಸಿನೀರಲ್ಲಿ ಕಲಸುತ್ತಾರೆ, ಸೋಸಿ ಕುದಿಸುತ್ತಾರೆ, ಆಮೇಲೆ ಹುಳಿ ಬರಿಸುತ್ತಾರೆ ಅಂದೆ. ಚಿಕ್ಕಮ್ಮ ತಲೆಯಾಡಿಸಿದರು. ಮೊಮ್ಮಗಳಿಗೆ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಸರಿ ಮಾಡಿ ತಿನ್ನಿಸಿದ ಕೈ ಅದು. ಹುಳಿ ಬರೋ ತನಕ ಎಲ್ಲ ಅವರಿಗೆ ಗೊತ್ತಿದ್ದದ್ದೇ. "ಹಂಗಾದ್ರೆ ಆಲೆಮನೆ ಇದ್ದಂಗೇ ಆಯ್ತಲ್ಲ" ಅಂದರು.

ಆ ಮಾತು ನನ್ನ ಮನಸ್ಸಿಗೆ ನಾಟಿತು. ಮಾರನೇ ದಿನ ಬೆಳಿಗ್ಗೆ ಊರಾಚೆಯ ಆಲೆಮನೆಗೆ ಎಲ್ಲರೂ ಹೋದೆವು. ಗಾಣಕ್ಕೆ ಕಬ್ಬು ಕೊಡುತ್ತಿದ್ದರು. ಆ ಕಡೆಯಿಂದ ಸಿಪ್ಪೆ ಬೀಳುತ್ತಿತ್ತು, ಈ ಕಡೆಯಿಂದ ಕಬ್ಬಿನ ಹಾಲು ಹರಿಯುತ್ತಿತ್ತು. ಒಣಗಿದ ಸಿಪ್ಪೆಯೇ ಒಲೆಗೆ ಉರುವಲು. ಕೊಪ್ಪರಿಗೆಯಲ್ಲಿ ಹಾಲು ಕುದಿದು ಮೇಲೆ ಕಸ ಕಟ್ಟಿದಾಗ ಒಬ್ಬರು ಉದ್ದ ಹಿಡಿಯ ಜಾಲರಿಯಲ್ಲಿ ತೆಗೆದು ತೆಗೆದು ಹಾಕುತ್ತಿದ್ದರು. ಕೊನೆಗೆ ಪಾಕ ನೋಡುವ ಹೊತ್ತು. ಒಂದು ಚೂರು ತೆಗೆದು ತಣ್ಣೀರಿಗೆ ಬಿಟ್ಟರು. ನೀರೊಳಗೆ ಕೈಹಾಕಿ ಬೆರಳಲ್ಲಿ ಉಂಡೆ ಕಟ್ಟಿ, ಚೊಂಬಿನ ಅಂಚಿಗೆ ಟಕ್ ಅಂತ ಬಡಿದರು. ಆ ಸದ್ದು ಬಂದರೆ ಮುಗೀತು, ಕೊಪ್ಪರಿಗೆ ಇಳಿಸಬೇಕು. ಅರ್ಧ ನಿಮಿಷ ತಡವಾದರೂ ಬೆಲ್ಲ ಸೀದು ಕಪ್ಪಾಗುತ್ತದೆ. ಇಳಿಸಿ, ಹರವಿ, ಅಚ್ಚಿಗೆ ಹಾಕುವ ಮೊದಲು ನಮಗೆ ಕಬ್ಬಿನ ಗರಿಯ ಮೇಲೆ ಒಂದೊಂದು ತುತ್ತು ಬಿಸಿ ಬೆಲ್ಲ ಹಾಕಿಕೊಟ್ಟರು. ತಮ್ಮನ ಮಗಳು ನಾಲಿಗೆ ಸುಟ್ಟುಕೊಂಡು ಮತ್ತೆ ಕೈ ಚಾಚಿದಳು.

ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಬೆಲ್ಲ ತಿಂದಿದ್ದಕ್ಕೆಲ್ಲ ಕಾಸು ತಗೊಳ್ಳೋದಾ ಸ್ವಾಮಿ?" ಅಂದರು. ಎರಡು ಕೆಜಿ ಅಚ್ಚು ಬೆಲ್ಲ ಕೊಂಡುಕೊಂಡು ಬಂದೆವು.

ಇಲ್ಲಿ ನನಗೆ ಎರಡು ಕಡೆಯ ರೀತಿಯೂ ಕಾಣುತ್ತದೆ. ಅಲ್ಲಿ ಒಲೆ ಆರಿ ಮೂವತ್ತೈದು ವರ್ಷ ದಾಟಿದರೂ ಆ ಕಟ್ಟಡಕ್ಕೆ ಜನ ಸಾಲುಗಟ್ಟುತ್ತಾರೆ. ನಮ್ಮಲ್ಲಿ ಒಲೆ ಉರಿಯುತ್ತಿದೆ, ನೋಡುವವರು ದಾರಿ ತಪ್ಪಿ ಬರುತ್ತಾರೆ. ಕಾಸು ಬೇಡ ಅನ್ನುವ ಆ ಮಾತು ದೊಡ್ಡದು, ಅದನ್ನು ಕಳೆದುಕೊಳ್ಳಬಾರದು. ಆದರೆ ನಾನು ಚಿಕ್ಕವನಿದ್ದಾಗ ಹೋಗುತ್ತಿದ್ದ ಆಲೆಮನೆಗಳಲ್ಲಿ ಮೂರು ಈಗ ಹಾಳುಬಿದ್ದಿವೆ. ಗಾಣ ಗುಜರಿಗೆ ಹೋಗಿದೆ. ಬೆಲ್ಲದ ರೇಟು ಬಿದ್ದ ವರ್ಷ ಒಲೆ ಹೊತ್ತಿಸೋದೇ ನಷ್ಟ ಅನ್ನುತ್ತಾರೆ. ಮೈಸೂರಿಗೆ ಬರುವ ಪ್ರವಾಸಿಗರು ತಲೆಗೆ ಐವತ್ತೋ ನೂರೋ ಕೊಟ್ಟು ಒಂದು ಗಂಟೆ ಇಲ್ಲಿ ನಿಂತು ನೋಡಿದರೆ ಅದರಲ್ಲಿ ಅವಮಾನ ಏನಿದೆ? ಜೋಡಿ ಟಿಕೆಟ್ ಮಾಡಲೇಬೇಕು ಅಂದರೆ ರಂಗನತಿಟ್ಟಿನ ದೋಣಿಗೂ ಆಲೆಮನೆಗೂ ಮಾಡಬೇಕು. ಅಜ್ಜಿಗೂ ಆಗುತ್ತದೆ, ಮೊಮ್ಮಗಳಿಗೂ ಆಗುತ್ತದೆ. ಜೋಡಿ ಅಂದರೆ ಹಾಗಿರಬೇಕು ಅಲ್ವಾ?

ರಂಗನತಿಟ್ಟಿನ ಮಾತು ಬಂತಲ್ಲ, ಮೈಸೂರಿಗೆ ಬರುವವರು ಅದನ್ನು ಬಿಡುವುದು ನನಗೆ ತುಂಬಾ ಬೇಜಾರು. ಒಂದೇ ದಿನದ ಪ್ಯಾಕೇಜಿನಲ್ಲಿ ಬೆಟ್ಟ, ಅರಮನೆ, ಜೂ, ಶ್ರೀರಂಗಪಟ್ಟಣ, ಸಂಜೆಗೆ ಬೃಂದಾವನ. ಟೆಂಪೋದಲ್ಲಿ ಓಡಿಸಿಕೊಂಡು ಹೋಗುತ್ತಾರೆ. ಇದೂ ಜೋಡಿ ಟಿಕೆಟಿನ ಅಣ್ಣನೇ. ಪಕ್ಷಿಧಾಮಕ್ಕೆ ಹೊತ್ತು ಸಿಗುವುದಿಲ್ಲ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ ಪಕ್ಷಿಧಾಮವಾದ ಜಾಗ, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಒಳಗೆ ಹೋಗುವುದಕ್ಕೆ ಒಂದು ಟಿಕೆಟ್, ದೋಣಿಗೆ ಇನ್ನೊಂದು. ಇದೇನು ಕಿರಿಕಿರಿ ಅಂತ ಮುಂಚೆ ಅನ್ನಿಸುತ್ತಿತ್ತು. ಈಗ ಅದೇ ಸರಿ ಅನ್ನಿಸುತ್ತದೆ. ದಡದಲ್ಲಿ ಬಿದಿರ ನೆರಳಲ್ಲಿ ಕೂತು ಹೋಗುವವರು ಹಾಗೇ ಹೋಗಬಹುದು. ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟ ದಿನ ದೋಣಿ ನಿಲ್ಲಿಸುತ್ತಾರೆ, ಆಗ ಆ ದುಡ್ಡೂ ಕೊಡಬೇಕಿಲ್ಲ.

ಅಲ್ಲಿಯ ಅಂಬಿಗ ಬಂಡೆಯ ಹತ್ತಿರ ಹುಟ್ಟು ಹಾಕುವುದನ್ನು ನಿಲ್ಲಿಸಿ, ಮಾತೂ ನಿಲ್ಲಿಸಿ, ಬೆರಳು ತೋರಿಸುತ್ತಾನೆ. ಮೊದಲು ಕಲ್ಲು ಅಂದುಕೊಳ್ಳುತ್ತೇವೆ. ಆ ಕಲ್ಲಿಗೆ ಕಣ್ಣಿರುತ್ತದೆ, ಮೊಸಳೆ. ಹೆಜ್ಜಾರ್ಲೆ ಯಾವುದು, ಬಾಯಿಕಳಕ ಯಾವುದು, ಯಾವ ಗೂಡಲ್ಲಿ ಮರಿ ಇದೆ, ಎಲ್ಲ ಕನ್ನಡದಲ್ಲೇ ಹೇಳುತ್ತಾನೆ. ಆಮ್‌ಸ್ಟರ್‌ಡ್ಯಾಮ್ ದೋಣಿಯಲ್ಲಿ ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಡುತ್ತಾರೆ. ಹಲವು ಭಾಷೆ ಇರುತ್ತವೆ, ನಾನು ಹತ್ತಿದ ದೋಣಿಗಳಲ್ಲಿ ಕನ್ನಡ ಇರಲಿಲ್ಲ. ಕಿವಿಗೆ ಹಾಕಿಕೊಂಡ ಮೇಲೆ ಪಕ್ಕದವರ ಜೊತೆ ಮಾತೂ ಇಲ್ಲ. ಅದಕ್ಕೇ ಈಗ ನೆಂಟರು ಬಂದರೆ ಚಾಲಕನೇ ಮಾತಾಡುವ ಸಣ್ಣ ತೆರೆದ ದೋಣಿ ಹುಡುಕುತ್ತೇನೆ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಬಹುದು, ಅಮ್ಮನ ಪ್ರಶ್ನೆಯನ್ನು ಅವನಿಗೆ ಕೇಳಬಹುದು. ಸ್ವಲ್ಪ ದುಬಾರಿ. ಬ್ರೂವರಿಯ ದುಡ್ಡು ಉಳಿಸಿ ಇದಕ್ಕೆ ಹಾಕಿ ಅನ್ನುವುದೇ ನನ್ನ ಮಾತು.

ನಮ್ಮ ಚಿಕ್ಕಪ್ಪನಿಗಂತೂ ದೋಣಿ ಬೇಕೇ ಬೇಕು. ಅವರದ್ದು ವಿಶ್ವೇಶ್ವರಯ್ಯ ನಾಲೆಯ ನೀರು ನಂಬಿದ ಗದ್ದೆ. ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ಯಾವತ್ತು ನೀರು ಬರುತ್ತೆ ಅಂತ ಕಾದು ರಾತ್ರಿಯೆಲ್ಲ ಗದ್ದೆ ಬದುವಿನಲ್ಲಿ ಕೂತವರು. ಆಮ್‌ಸ್ಟರ್‌ಡ್ಯಾಮ್ ಅನ್ನುವ ಹೆಸರೇ ಆಮ್‌ಸ್ಟೆಲ್ ನದಿಗೆ ಕಟ್ಟಿದ ಅಣೆಕಟ್ಟೆಯಿಂದ ಬಂದದ್ದು ಅಂದಾಗ ಎದ್ದು ಕೂತರು. ಊರ ನಡುವೆ ಸುತ್ತುವ ದೊಡ್ಡ ಕಾಲುವೆಗಳನ್ನು 17ನೇ ಶತಮಾನದಲ್ಲಿ ತೋಡಿದ್ದು, 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಹೇಳಿದೆ. ನೆಲ ಜವುಗು, ಅದಕ್ಕೇ ಹಳೇ ಕಟ್ಟಡಗಳೆಲ್ಲ ಮರದ ಗೂಟಗಳ ಮೇಲೆ ನಿಂತಿವೆ. ಅಲ್ಲಿಯ ಅರಮನೆ ಒಂದರ ಕೆಳಗೇ 13,659 ಗೂಟ. ಮನೆಗಳ ನೆತ್ತಿಯಲ್ಲಿ ಒಂದು ತೊಲೆ ಮುಂದೆ ಚಾಚಿ, ತುದಿಗೆ ಕೊಕ್ಕೆ ಇರುತ್ತದೆ. ಮೆಟ್ಟಿಲು ಕಿರಿದು, ಮಂಚ ಬೀರು ಎಲ್ಲ ಹಗ್ಗ ಹಾಕಿ ಕಿಟಕಿಯಿಂದಲೇ ಏರಿಸುವುದು. ಇದೆಲ್ಲ ದೋಣಿಯಲ್ಲಿ ಕೂತು ತಲೆ ಎತ್ತಿದರೆ ಕಾಣುತ್ತದೆ, ಬಸ್ಸಲ್ಲಿ ಕಾಣುವುದಿಲ್ಲ.

ತಮ್ಮ ಇನ್ನೂ ಮೊಬೈಲ್ ಹಿಡಿದೇ ಇದ್ದ. ಅವನ ಆಸೆಯನ್ನು ತಳ್ಳಿಹಾಕುವುದು ಸರಿಯಲ್ಲ. ಅವನಿಗೆ ಬ್ರೂವರಿ ನೋಡುವ ಆಸೆ ನಿಜ, ಎರಡು ಲೋಟ ಬಿಯರೂ ಸಿಗುತ್ತದೆ. ಅವನೊಬ್ಬನಿಗೆ ಬ್ರೂವರಿ ಟಿಕೆಟ್ ಬೇರೆ ತೆಗೆಯುವುದು ಅಂತಾಯಿತು. ಅವನು ಒಳಗಿರುವ ಹೊತ್ತಿಗೆ ಉಳಿದವರನ್ನು ಅಲ್ಲೇ ಹತ್ತಿರದ ಆಲ್ಬರ್ಟ್ ಕೌಪ್ ಸಂತೆಗೆ ಕರೆದುಕೊಂಡು ಹೋಗುತ್ತೇನೆ. ಭಾನುವಾರ ಒಂದು ಬಿಟ್ಟು ದಿನಾ ಇರುತ್ತದೆ. ಬಿಸಿ ಬಿಸಿ ಸ್ಟ್ರೂಪ್‌ವಾಫೆಲ್, ನಡುವೆ ಪಾಕ. ಚಿಕ್ಕಮ್ಮನಿಗೆ ಹಿಡಿಸುತ್ತದೆ.

ಇನ್ನೆರಡು ಮಾತು, ಟಿಕೆಟ್ ತೆಗೆಯುವವರಿಗೆ. ಆಮ್‌ಸ್ಟರ್‌ಡ್ಯಾಮಿನ ಹಲವು ಜಾಗಗಳಿಗೆ ಒಂದೇ ಪಾಸ್ ಆದ ಸಿಟಿ ಕಾರ್ಡ್ ಕೊಳ್ಳುವ ಯೋಚನೆ ಇದ್ದರೆ ಅದರಲ್ಲೇ ಒಂದು ಕಾಲುವೆ ದೋಣಿ ಸೇರಿರುತ್ತದೆ, ಮತ್ತೆ ಜೋಡಿ ಟಿಕೆಟ್ ತೆಗೆದರೆ ದೋಣಿಗೆ ಎರಡು ಸಲ ದುಡ್ಡು ಕೊಟ್ಟಂತೆ. ಜೋಡಿ ಟಿಕೆಟ್ಟೇ ಸರಿ ಅನ್ನುವವರು ದೋಣಿ ಎಲ್ಲಿಂದ ಹೊರಡುತ್ತದೆ ಅಂತ ಮೊದಲು ನೋಡಿ. ಕೆಲವು ಸೆಂಟ್ರಲ್ ಸ್ಟೇಷನ್ ಎದುರಿನಿಂದ, ಕೆಲವು ಬ್ರೂವರಿಗೆ ನಡೆದುಹೋಗುವ ದೂರದಿಂದ. ವಯಸ್ಸಾದವರ ಜೊತೆ ಇದ್ದರೆ ಅದೇ ಮುಖ್ಯ. ಬರೀ ನೀರಿನ ಮೇಲೆ ಹೋಗಬೇಕು ಅನ್ನುವ ಆಸೆಯಾದರೆ ಸ್ಟೇಷನ್ ಹಿಂದಿನಿಂದ ಐ ಅನ್ನುವ ನೀರು ದಾಟಿಸುವ ದೋಣಿ ಇದೆ. ಅದಕ್ಕೆ ಟಿಕೆಟ್ಟೇ ಇಲ್ಲ, ಸೈಕಲ್ ಸಮೇತ ಹತ್ತುತ್ತಾರೆ.

ನಾನು ವಾಪಸ್ ಹೊರಡುವ ದಿನ ಚಿಕ್ಕಪ್ಪ ಬಸ್‌ಸ್ಟ್ಯಾಂಡ್ ತನಕ ಬಂದರು. ಬೆಲ್ಲದ ಗಂಟು ಕೈಗೆ ಕೊಟ್ಟು ಕೇಳಿದರು, "ಅಲ್ಲ ಕಣಪ್ಪ, ಆ ನಾಲೆಗಳಿಗೆ ನೀರು ಬಿಡೋ ತೂಬು ಎಲ್ಲೈತೆ? ಅದನ್ನ ತೋರಿಸ್ತಾರಾ?"

ಆಗ ಉತ್ತರ ಹೇಳಲಾಗಲಿಲ್ಲ. ಆಮ್‌ಸ್ಟೆಲ್‌ವೀನಿಗೆ ವಾಪಸ್ ಬಂದ ಮೇಲೆ ಒಂದು ಶನಿವಾರ ಹೋಗಿ ನೋಡಿದೆ. ಕಾರೇ ರಂಗಮಂದಿರದ ಎದುರು, ಆಮ್‌ಸ್ಟೆಲ್ ನದಿಗೆ ಅಡ್ಡಲಾಗಿ ಇದೆ. 17ನೇ ಶತಮಾನದಲ್ಲೇ ಕಟ್ಟಿದ ಮರದ ಬಾಗಿಲಿನ ತೂಬುಗಳು. ಕಾಲುವೆಗಳಿಗೆ ಹೊಸ ನೀರು ಹಾಯಿಸುವಾಗ ಇವುಗಳನ್ನು ಮುಚ್ಚುತ್ತಾರೆ. ಆ ದಾರಿಯಾಗಿ ಹೋಗುವ ತೆರೆದ ದೋಣಿಯವನೊಬ್ಬನನ್ನು ಮಾತಾಡಿಸಿಟ್ಟಿದ್ದೇನೆ. ತೂಬಿನ ಹತ್ತಿರ ಐದು ನಿಮಿಷ ನಿಲ್ಲಿಸುತ್ತೇನೆ ಅಂದಿದ್ದಾನೆ.