ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ಬೇರು ಕೊಳೆಯಲ್ಲ ಅನ್ನೋದು ನಿಜವಲ್ಲ

ಮಳೆ ಶುರುವಾಗುತ್ತಿದ್ದಂತೆ ವಾಟ್ಸಾಪ್‌ನಲ್ಲಿ ಈ ಸಲಹೆ ಮತ್ತೆ ಓಡಾಡುತ್ತಿದೆ: ತರಕಾರಿ ಕುಂಡದ ತಳಕ್ಕೆ ಎರಡು ಮೂರು ಇಂಚು ಜಲ್ಲಿಯೋ ಹೆಂಚಿನ ಚೂರೋ ಹಾಕಿ, ನೀರು ಸರಾಗವಾಗಿ ಇಳಿಯುತ್ತದೆ, ಬೇರು ಕೊಳೆಯುವುದಿಲ್ಲ ಅಂತ. ಕೇಳೋಕೆ ಸರಿ ಅನಿಸುತ್ತದೆ, ಆದರೆ ಆಗೋದು ಉಲ್ಟಾ.

ಮಣ್ಣಿನ ಕಣಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೆಳಗೆ ಜಲ್ಲಿಯ ದೊಡ್ಡ ಸಂದುಗಳು ಬಂದಾಗ ನೀರು ಸುಮ್ನೆ ಅದರೊಳಕ್ಕೆ ಜಾರಲ್ಲ, ಮೇಲಿನ ಮಣ್ಣು ಪೂರ್ತಿ ನೆನೆದು ಇನ್ನು ಹಿಡಿಯಲಾರೆ ಅನ್ನುವ ತನಕ ಅಲ್ಲೇ ನಿಲ್ಲುತ್ತದೆ. ಜಲ್ಲಿ ಇಲ್ಲದಿದ್ದರೆ ಈ ಒದ್ದೆ ಪದರ ಕುಂಡದ ತಳದಲ್ಲಿರುತ್ತಿತ್ತು. ಈಗ ಅದು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬಂತು. 10 ಇಂಚಿನ ಕುಂಡದಲ್ಲಿ 3 ಇಂಚು ಜಲ್ಲಿಗೇ ಹೋದರೆ ಟೊಮೇಟೊ, ಬದನೆ ಬೇರಿಗೆ ಜಾಗ ಎಲ್ಲಿ? ತಾರಸಿಗೆ ಭಾರ ಬೇರೆ.

ತೂತಿನಿಂದ ಮಣ್ಣು ಸೋರದಿರಲಿ ಅಂತ ಒಂದು ಹೆಂಚಿನ ಚೂರನ್ನೋ ತುಂಡು ಸೊಳ್ಳೆ ಪರದೆಯನ್ನೋ ಇಡೋದು ತಪ್ಪಲ್ಲ. ತೂತು ಮುಚ್ಚಿಹೋಗಬಾರದು ಅಷ್ಟೇ.

ನಿಜವಾಗಿ ನೋಡಬೇಕಾದ್ದು ಮಣ್ಣಿನ ಮಿಶ್ರಣ. ಬರೀ ಕೆಂಪು ಮಣ್ಣು ತುಂಬಿದರೆ ನೀರು ಹಾಕಿ ಹಾಕಿ ಗಟ್ಟಿಯಾಗುತ್ತದೆ, ಅದಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಚೆನ್ನಾಗಿ ಕಳಿತ ಗೊಬ್ಬರ ಹೆಚ್ಚುಕಮ್ಮಿ ಸಮ ಸೇರಿಸಿ, ಇಡೀ ಕುಂಡಕ್ಕೆ ಅದನ್ನೇ ತುಂಬಿ. ಕೊತ್ತಂಬರಿ, ಮೆಂತ್ಯಕ್ಕೆ ಆರು ಇಂಚು ಆಳ ಸಾಕು. ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ, ಸೊಳ್ಳೆಯೂ ಅಲ್ಲೇ ಮೊಟ್ಟೆ ಇಡೋದು. ಮೇಲ್ಮಣ್ಣಿಗೆ ಬೆರಳು ಚುಚ್ಚಿ, ಒಳಗೂ ಒಣಗಿದ್ದರೆ ಮಾತ್ರ ನೀರು ಹಾಕಿ.