ಇಂದ – ವರೆಗೆ

ತಾಲ್ಲೂಕು ಕಚೇರಿಗೆ ಹೋದವರಿಗೆಲ್ಲ ಆ ಹಲಗೆ ಗೊತ್ತು. ತಹಶೀಲ್ದಾರರ ಕುರ್ಚಿಯ ಹಿಂದೆ, ಗೋಡೆಯ ಮೇಲೆ ಇರುತ್ತದೆ. ಹೆಸರು, ಇಂದ, ವರೆಗೆ. ಕೊನೆಯ ಹೆಸರಿನ ಮುಂದೆ ‘ವರೆಗೆ’ ಖಾಲಿ. ಕೆಲಸವಾಗದೆ ಕಾಯುತ್ತ ನಿಂತವರೆಲ್ಲ ಓದುವುದು ಅದನ್ನೇ. ನಾನು ಆ ಹಲಗೆಯ ಎದುರು 32 ವರ್ಷ ಗುಮಾಸ್ತನಾಗಿ ಕೂತವನು. ಹೊಸ ಸಾಹೇಬರು ಬಂದಾಗಲೆಲ್ಲ ಪೇಂಟರನ್ನು ಕರೆಸುವ ಕೆಲಸ ನನ್ನದು. ಒಬ್ಬರಂತೂ 19 ದಿನಕ್ಕೇ ವರ್ಗವಾಗಿ ಹೋದರು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

ಅಂಥದೇ ಹಲಗೆಯನ್ನು ಇಂಗ್ಲೆಂಡಿನ ಒಂದು ಹಳ್ಳಿಯ ಪಬ್ಬಿನಲ್ಲಿ ನೋಡುತ್ತೇನೆ ಅಂತ ಕನಸಲ್ಲೂ ಎಣಿಸಿರಲಿಲ್ಲ.

ಮಗಳ ಬಾಣಂತನಕ್ಕೆ ಅಂತ ಯಾರ್ಕ್‌ಶೈರಿಗೆ ಹೋಗಿದ್ದೆವು. ಬಾಣಂತನದಲ್ಲಿ ಗಂಡಸಿಗೇನು ಕೆಲಸ? ಹೆಂಡತಿಗೆ ಕೈತುಂಬ, ನನಗೆ ವಾಕಿಂಗ್. ಒಂದು ಸಂಜೆ ದಾರಿಯಲ್ಲಿ ಮಳೆ ಹಿಡಿಯಿತು. ಆ ಹಳ್ಳಿಯಲ್ಲಿ ಅಂಗಡಿ ಇಲ್ಲ, ಬಸ್ ನಿಲ್ಲುವಲ್ಲಿ ಸೂರಿಲ್ಲ, ಚರ್ಚಿಗೆ ಬೀಗ. ಬಾಗಿಲು ತೆರೆದಿದ್ದದ್ದು ಪಬ್ ಒಂದೇ. ನಾನು ಕುಡಿಯುವವನಲ್ಲ. (ಇದನ್ನು ಹೇಳಿದಾಗಲೆಲ್ಲ ಎದುರಿನವರ ಮುಖದಲ್ಲಿ ಯಾಕೋ ಒಂದು ಸಣ್ಣ ನಗು ಬರುತ್ತದೆ.) ಹೊಸ್ತಿಲಲ್ಲಿ ನಿಂತು ಅತ್ತಿತ್ತ ನೋಡಿದೆ. ನಮ್ಮೂರಿನವರು ಯಾರಾದರೂ ನೋಡಿಯಾರು ಅನ್ನುವ ಭಯ 8 ಸಾವಿರ ಕಿಲೋಮೀಟರ್ ಆಚೆಗೂ ಬೆನ್ನು ಬಿಡುವುದಿಲ್ಲ.

“ಏನು ಕೊಡಲಿ, ಲವ್?” ಅಂದಳು ಕೌಂಟರಿನ ಹಿಂದೆ ನಿಂತ ಹೆಂಗಸು.

ಆ ಕಡೆ ಎಲ್ಲರನ್ನೂ ಹಾಗೇ ಕರೆಯುತ್ತಾರಂತೆ, ನಮ್ಮ ಬಸ್ ಕಂಡಕ್ಟರು ಸಿಕ್ಕವರನ್ನೆಲ್ಲ ‘ಅಣ್ಣಾ’ ಅಂದ ಹಾಗೆ. ಆವತ್ತು ನನಗದು ಗೊತ್ತಿರಲಿಲ್ಲ. ಕಿತ್ತಳೆ ರಸ ಅಂತ ಹೇಳುವಷ್ಟರಲ್ಲಿ ಎರಡು ಸಲ ತೊದಲಿದೆ. ಲೋಟ ಹಿಡಿದು ಮೂಲೆಗೆ ಹೋಗಿ ಕೂತೆ. ತಲೆ ಎತ್ತಿದರೆ ಎದುರಿಗೆ ಹಲಗೆ! ಆ ಪಬ್ಬನ್ನು ನಡೆಸಿದ ಲ್ಯಾಂಡ್‌ಲಾರ್ಡುಗಳ ಪಟ್ಟಿ. ಹೆಸರು, ಇಂದ, ವರೆಗೆ. ಮೊದಲ ಸಾಲು 1700ರ ಆಸುಪಾಸಿನದು. ಕೊನೆಯ ಸಾಲಿನ ‘ವರೆಗೆ’ ಖಾಲಿ.

ಗುಮಾಸ್ತನ ಕಣ್ಣು ಸುಮ್ನೆ ಇರುತ್ತದೆಯೇ? ಲೆಕ್ಕ ಹಾಕತೊಡಗಿತು. ಮೇಲಿನವರೆಲ್ಲ ಒಬ್ಬೊಬ್ಬರೂ 30 ವರ್ಷ, 40 ವರ್ಷ. ಅಪ್ಪ ಆದಮೇಲೆ ಮಗ. ನಡುನಡುವೆ ಹೆಂಗಸರ ಹೆಸರು. ಗಂಡ ಸತ್ತರೆ ಲೈಸೆನ್ಸನ್ನು ಹೆಂಡತಿಯ ಹೆಸರಿಗೆ ಮಾಡಿಕೊಡುವುದು ಅಲ್ಲಿ ಹಳೆಯ ವಾಡಿಕೆ. ನಮ್ಮ ಲೆಕ್ಕದಲ್ಲಿ ಪೌತಿ ಖಾತೆ. ಆದರೆ ಕೆಳಗೆ ಬಂದ ಹಾಗೆ ಮೂರು ವರ್ಷ, ಒಂದೂವರೆ ವರ್ಷ, ಎಂಟು ತಿಂಗಳು. ನಮ್ಮ ತಹಶೀಲ್ದಾರರೇ ವಾಸಿ ಅನ್ನಿಸಿತು.

ಮನೆಗೆ ಬಂದು ಅಳಿಯನನ್ನು ಕೇಳಿದೆ. “ಮಾವ, ಹೆಸರಿಗಷ್ಟೇ ಲ್ಯಾಂಡ್‌ಲಾರ್ಡ್. ಎಷ್ಟೋ ಜನ ಬಾಡಿಗೆಗೆ ಇರುವವರು” ಅಂದ.

ಈ ಮಾತು ನನಗೆ ಬಹಳ ಹಿಡಿಸಿತು. ಕರೆಯುವುದು ಭೂಮಾಲೀಕ ಅಂತ, ಇರುವುದು ಗೇಣಿದಾರ! ಇಂಗ್ಲೆಂಡಿನಲ್ಲಿ ಬಿಯರ್ ಮಾರಲು ಲೈಸೆನ್ಸ್ ಬೇಕು ಅಂತ ಕಾನೂನು ಬಂದದ್ದು 1552ರಲ್ಲಿ. ಸಾಕಷ್ಟು ಕಾಲ ಆ ಕಸುಬು ಮನೆಮನೆಯ ಕಸುಬು. ಮನೆಯಲ್ಲೇ ಕಾಯಿಸಿ ಪಡಸಾಲೆಯಲ್ಲೇ ಮಾರುವುದು. 1830ರಲ್ಲಿ ಇನ್ನೊಂದು ಕಾನೂನು ಬಂತು. ಎರಡು ಗಿನಿ (ಅಲ್ಲಿನ ಹಳೇ ನಾಣ್ಯ) ಕಟ್ಟಿದರೆ ಯಾರು ಬೇಕಾದರೂ ಬಿಯರ್ ಅಂಗಡಿ ಇಡಬಹುದಿತ್ತು. ಜನ ಜಿನ್ ಬಿಟ್ಟು ಬಿಯರ್ ಕುಡಿಯಲಿ ಅಂತ ಸರ್ಕಾರದ ಆಸೆ! ಬೀದಿಗೊಂದು ಅಂಗಡಿ ಎದ್ದಿತು. ಆಮೇಲೆ ಬಿಯರ್ ತಯಾರಿಸುವ ದೊಡ್ಡ ಬ್ರೂವರಿ ಕಂಪನಿಗಳು ಒಂದೊಂದೇ ಪಬ್ ಕೊಂಡುಕೊಂಡವು. ಒಳಗೆ ಒಬ್ಬನನ್ನು ಕೂರಿಸಿದವು. ಅವನು ಬಾಡಿಗೆ ಕೊಡಬೇಕು. ಸಾಲದ್ದಕ್ಕೆ ಬಿಯರನ್ನೂ ಅದೇ ಕಂಪನಿಯಿಂದ, ಅವರು ಹೇಳಿದ ರೇಟಿಗೇ ಕೊಳ್ಳಬೇಕು. ‘ಟೈಡ್ ಹೌಸ್’ ಅನ್ನುತ್ತಾರೆ, ಕಟ್ಟಿಹಾಕಿದ ಮನೆ. ಗೇಣಿಯೂ ಧಣಿಗೆ, ಬಿತ್ತನೆ ಬೀಜವೂ ಧಣಿಯ ಅಂಗಡಿಯಿಂದಲೇ ಅಂದ ಹಾಗಾಯಿತು.

ನಮ್ಮಲ್ಲಿ 1974ರಲ್ಲಿ ‘ಉಳುವವನೇ ಹೊಲದೊಡೆಯ’ ಬಂತಲ್ಲ, ಅಂಥದೊಂದು ಅಲ್ಲೂ 1989ರಲ್ಲಿ ಬಂತು. ಯಾವ ಬ್ರೂವರಿಯ ಕೈಯಲ್ಲಿ 2,000ಕ್ಕಿಂತ ಜಾಸ್ತಿ ಪಬ್ ಇತ್ತೋ, ಅದು ಹೆಚ್ಚುವರಿಯಲ್ಲಿ ಅರ್ಧದಷ್ಟರ ಕಟ್ಟು ಬಿಚ್ಚಬೇಕಿತ್ತು. ಅಚ್ಚುಕಟ್ಟಾದ ಭೂಮಿತಿ ಕಾನೂನು! ಓದಿ ನನಗೆ ಖುಷಿಯೋ ಖುಷಿ. ಆದರೆ ಅಲ್ಲಿ ಗೇಣಿದಾರ ಅರ್ಜಿ ಹಾಕುವ ನಮೂನೆ 7 ಇರಲಿಲ್ಲ, ಭೂ ನ್ಯಾಯಮಂಡಳಿ ಇರಲಿಲ್ಲ. ಸುರಿಯುವವನು ಒಡೆಯನಾಗಲಿಲ್ಲ. ಬ್ರೂವರಿಗಳು ಮಾರಿದ ಪಬ್ಬುಗಳನ್ನು ಹೊಸದಾಗಿ ಹುಟ್ಟಿದ ಆಸ್ತಿ ಕಂಪನಿಗಳು ಸಾರಾಸಗಟಾಗಿ ಕೊಂಡವು. ಆ ಕಂಪನಿಗಳು ಬಿಯರ್ ಕಾಯಿಸುವುದಿಲ್ಲ, ಹೀಗಾಗಿ ಕಾನೂನು ಅವುಗಳ ಮೇಲೆ ನಡೆಯಲಿಲ್ಲ. ಕಟ್ಟು ಹಾಗೇ ಉಳಿಯಿತು. ನಮ್ಮ ಕಚೇರಿಗೆ ಬರುತ್ತಿದ್ದ ಹಳೇ ವಕೀಲರೊಬ್ಬರು ಇದನ್ನು ಕೇಳಿದ್ದರೆ ಮೀಸೆಯಡಿ ನಗುತ್ತಿದ್ದರು. ಹಲಗೆಯ ಕೆಳಗಿನ ಸಾಲುಗಳು ಯಾಕೆ ಗಿಡ್ಡವಾದವು ಅಂತ ನನಗಂತೂ ಗೊತ್ತಾಯಿತು.

ಕೆಲವು ಕಡೆ ಊರವರೇ ಗಟ್ಟಿ ನಿಂತರು. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಅನ್ನುವ ಹಳ್ಳಿಯವರು 2003ರಲ್ಲಿ ದುಡ್ಡು ಹಾಕಿಕೊಂಡು ತಮ್ಮ ‘ಓಲ್ಡ್ ಕ್ರೌನ್’ ಪಬ್ಬನ್ನು ಕೊಂಡರು. ಸಹಕಾರ ಸಂಘದ ಪಬ್. ನಮ್ಮಲ್ಲಿ ಹಾಲಿಗೆ ಮಾಡಿದ್ದನ್ನು ಅವರು ಬಿಯರಿಗೆ ಮಾಡಿದರು, ಅಷ್ಟೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪೀಲ್ ದ್ವೀಪದ ಸಂಗತಿ. ವಾಯವ್ಯ ಕರಾವಳಿಯಲ್ಲಿ, ಬ್ಯಾರೋ ಊರಿನ ಪಕ್ಕ, ಹೆಚ್ಚೆಂದರೆ 50 ಎಕರೆ ನೆಲ. ಒಂದು ಮುರುಕು ಕೋಟೆ, ಬೆರಳೆಣಿಕೆಯ ಮನೆ, ‘ಶಿಪ್ ಇನ್’ ಅನ್ನುವ ಪಬ್. ಅಲ್ಲಿನ ಲ್ಯಾಂಡ್‌ಲಾರ್ಡಿಗೆ ಪಟ್ಟ ಕಟ್ಟುತ್ತಾರೆ. ನಿಜವಾಗಿಯೂ! ಹಳೇ ಮರದ ಕುರ್ಚಿಯಲ್ಲಿ ಕೂರಿಸುತ್ತಾರೆ. ಕೈಗೊಂದು ತುಕ್ಕು ಕತ್ತಿ, ತಲೆಗೊಂದು ಲೋಹದ ಟೋಪಿ. ಮೇಲಿಂದ ಬಿಯರ್ ಅಭಿಷೇಕ. ಅಲ್ಲಿಂದ ಅವನು ‘ಕಿಂಗ್ ಆಫ್ ಪೀಲ್’. ಬೇರೆ ಯಾರಾದರೂ ಆ ಕುರ್ಚಿಯಲ್ಲಿ ಕೂತರೆ ಅವರಿಗೆ ‘ನೈಟ್’ ಪದವಿ, ಅಂದರೆ ಸರದಾರಿಕೆ, ಜೊತೆಗೆ ಅಲ್ಲಿದ್ದವರಿಗೆಲ್ಲ ಕುಡಿಸುವ ದಂಡ.

ಈ ಆಟದ ಹಿಂದೆ ಒಂದು ನಿಜದ ಕತೆಯನ್ನೂ ಹೇಳುತ್ತಾರೆ. 1487ರಲ್ಲಿ ಲ್ಯಾಂಬರ್ಟ್ ಸಿಮ್ನೆಲ್ ಎಂಬ ಸುಮಾರು ಹತ್ತು ವರ್ಷದ ಹುಡುಗನನ್ನು ‘ಇವನೇ ಇಂಗ್ಲೆಂಡಿನ ರಾಜ’ ಅಂತ ಮುಂದಿಟ್ಟುಕೊಂಡು ಒಂದು ಸೈನ್ಯ ಇಲ್ಲಿ ಬಂದಿಳಿಯಿತು. ಎರಡು ವಾರ ಕಳೆಯುವುದರೊಳಗೆ ಸೋತು ಚದುರಿತು. ಏಳನೇ ಹೆನ್ರಿ ಹುಡುಗನನ್ನು ಕೊಲ್ಲಿಸಲಿಲ್ಲ, ಅರಮನೆಯ ಅಡುಗೆಮನೆಗೆ ಕಳಿಸಿದ. ಬೆಂಕಿಯ ಮುಂದೆ ಕೂತು ಮಾಂಸದ ಕಂಬಿ ತಿರುಗಿಸುವ ಕೆಲಸ. ಈಗಿನ ಪೀಲ್ ರಾಜನೂ ಹಬೆಯ ಮುಂದೆ ನಿಂತು ಮೀನು ಕರಿಯಬೇಕು, ಲೋಟ ತೊಳೆಯಬೇಕು. ಅವನಿಗೂ ಸ್ವಂತ ರಾಜ್ಯವಿಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ ಅಂತ ಅಲ್ಲಿನ ಡ್ಯೂಕ್ 1920ರಲ್ಲಿ ದ್ವೀಪವನ್ನು ಬ್ಯಾರೋ ಊರಿಗೆ ಕೊಟ್ಟುಬಿಟ್ಟಿದ್ದಾನೆ. ರಾಜ ಸ್ಥಳೀಯ ಕೌನ್ಸಿಲ್ಲಿನ ಬಾಡಿಗೆದಾರ!

ನಮ್ಮ ಕಡೆ ಹೆಂಡದಂಗಡಿ ನಡೆಸಿದವರ ಹೆಸರನ್ನು ಯಾರು ಹಲಗೆ ಮೇಲೆ ಬರೆಸುತ್ತಾರೆ? ವರ್ಷ ವರ್ಷ ಸಾರಾಯಿ ಹರಾಜು ನಡೆಯುತ್ತಿತ್ತು. ಕಂಟ್ರಾಕ್ಟರುಗಳ ಜೀಪುಗಳಿಂದ ಕಚೇರಿಯ ಅಂಗಳ ತುಂಬುತ್ತಿತ್ತು. ಆ ಹೆಸರುಗಳೆಲ್ಲ ಫೈಲುಗಳಲ್ಲಿ ಗೆದ್ದಲಿನ ಪಾಲು. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ತಮಾಷೆ ಅಂದರೆ, ಇಂಗ್ಲೆಂಡಿನ ಪಬ್ಬುಗಳೊಳಗೆ ಸಿಗರೇಟು ನಿಂತದ್ದೂ ಅದೇ ದಿನ. ಇಲ್ಲಿ ಪ್ಯಾಕೆಟ್ ಹೋಯಿತು, ಅಲ್ಲಿ ಬೂದಿಬಟ್ಟಲು ಹೋಯಿತು.

ಇಲ್ಲ, ಒಬ್ಬನ ಹೆಸರು ನಮ್ಮಲ್ಲೂ ಉಳಿದಿದೆ. ಹೆಂಡದ ಮಾರಯ್ಯ. 12ನೇ ಶತಮಾನದ ಶರಣ. ಕಸುಬು ಹೆಂಡ ಮಾರುವುದು, ಬರೆದದ್ದು ವಚನ. ಎಂಟು ನೂರು ವರ್ಷ ಕಳೆದರೂ ಕಸುಬು ಹೆಸರಿಗೆ ಅಂಟಿಕೊಂಡೇ ಇದೆ. ಯಾರಿಗೂ ಅದನ್ನು ಕಿತ್ತುಹಾಕಬೇಕು ಅನ್ನಿಸಲಿಲ್ಲ ನೋಡಿ.

ಊರಿಗೆ ಹೊರಡುವ ಹಿಂದಿನ ದಿನ ಮತ್ತೆ ಆ ಪಬ್ಬಿಗೆ ಹೋದೆ. ಮಳೆ ಇರಲಿಲ್ಲ, ನೆವವೂ ಇರಲಿಲ್ಲ. ಹಲಗೆಯ ಕೊನೆಯ ಹೆಸರು ತೋರಿಸಿ, “ಇವರು ನಿಮ್ಮ ಯಜಮಾನರಾ?” ಅಂತ ಕೇಳಿದೆ. ಆಕೆ ನಕ್ಕಳು. ಅವನು ಹಿಂದಿನವನಂತೆ, ಬಿಟ್ಟುಹೋಗಿ ವರ್ಷದ ಮೇಲಾಯಿತಂತೆ. ಈಗಿನ ಲ್ಯಾಂಡ್‌ಲಾರ್ಡ್ ಆಕೆಯೇ.

“ಮತ್ತೆ ನಿಮ್ಮ ಹೆಸರು ಯಾಕೆ ಬರೆಸಿಲ್ಲ?”

“ಇನ್ನೊಂದು ಚಳಿಗಾಲ ಕಳೆಯಲಿ, ಆಮೇಲೆ ನೋಡೋಣ.”

ನಮ್ಮ ಕಚೇರಿಯಾಗಿದ್ದರೆ ಅಷ್ಟರಲ್ಲಿ ಎರಡು ಹೆಸರು ಬರೆಸಿರುತ್ತಿದ್ದೆವು ಅಂದೆ. ಆಕೆಗೆ ತಲೆಬುಡ ತಿಳಿಯಲಿಲ್ಲ. “ಅದೇ ಕಿತ್ತಳೆ ರಸ ತಾನೇ, ಲವ್?” ಅನ್ನುತ್ತ ಲೋಟ ಕೈಗೆತ್ತಿಕೊಂಡಳು. ಈ ಸಲ ನಾನು ತೊದಲಲಿಲ್ಲ.