ಹೂ ದೊಡ್ಡದಾದರೆ ಘಮ ಹೆಚ್ಚಲ್ಲ

ಗುಲಾಬಿ ಬಗ್ಗೆ ಬಂದ ಒಂದು ಲೇಖನದಲ್ಲಿ ಹೂ ದೊಡ್ಡದಾದಷ್ಟೂ ಘಮ ಜಾಸ್ತಿ ಅಂತಿದೆ. ಒಮ್ಮೆ ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಬನ್ನಿ ಸಾರ್. ಪಾಲಿಹೌಸ್‌ನಿಂದ (ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆ) ಬರುವ ಉದ್ದ ಕಡ್ಡಿಯ ತಾಜ್‌ಮಹಲ್ ತಳಿಯ ಗುಲಾಬಿ ಮೂಗಿಗೆ ಹಿಡಿದರೂ ಅಷ್ಟಕ್ಕಷ್ಟೇ. ಪಕ್ಕದ ಬುಟ್ಟಿಯ ಪನ್ನೀರು ಗುಲಾಬಿ ಸಣ್ಣದು, ಆದರೆ ಮಾರು ದೂರಕ್ಕೇ ಗೊತ್ತಾಗುತ್ತೆ. ಅದರ ಎಸಳು ಮಾತ್ರ ಸಡಿಲ, ಬೇಗ ಉದುರುತ್ತೆ. ಗಿಡವೂ ಪೊದೆಯಾಗಿ ಹರಡಿಕೊಳ್ಳೋದರಿಂದ ಕುಂಡಕ್ಕಲ್ಲ, ನೆಲಕ್ಕೇ ಸರಿ.

ಕುಂಡದಲ್ಲಿ ಘಮ ಬೇಕೆಂದರೆ 1977ರಲ್ಲಿ ಬಂದ ಡಬಲ್ ಡಿಲೈಟ್ ತಳಿ ಸರಿ. ಕೆನೆಬಣ್ಣದ ಎಸಳಿನ ಅಂಚಿಗೆ ಕೆಂಪು ಏರಲು ನೇರ ಬಿಸಿಲು ಬೀಳಬೇಕು, ನೆರಳುಬಲೆಯಡಿ ಬಿಳಿಚಿಕೊಳ್ಳುತ್ತೆ. ಚಳಿಯಲ್ಲಿ ಎಲೆ ಮೇಲೆ ಬಿಳಿ ಪುಡಿ ಕೂರುವ ಬೂದಿರೋಗದ ಕಾಟವಿದೆ. ಐಸ್‌ಬರ್ಗ್ ತಳಿ ಗೊಂಚಲು ಗೊಂಚಲಾಗಿ ಬಿಡುತ್ತೆ, ಮುಳ್ಳು ಕಮ್ಮಿ, ಘಮ ತೆಳು.

ಆ ಲೇಖನಕ್ಕೆ ಪ್ರತಿಕ್ರಿಯಿಸಿದ ಒಬ್ಬರು ತಮ್ಮ ಗುಲಾಬಿ ಗಿಡ ಹೂವಿನ ಬಣ್ಣ ಬದಲಿಸಿತು ಅಂದಿದ್ದಾರೆ. ಬಣ್ಣ ಬದಲಾಗಿಲ್ಲ, ಕಸಿ ಸತ್ತು ಬೇರುಗಿಡ (ಕಸಿ ಕಟ್ಟಲು ಬುಡವಾಗಿ ಬಳಸಿದ ಬೇರೆ ಗಿಡ) ಎದ್ದಿರಬೇಕು. ಇವೆರಡೂ ಕೂಡಿದ ಕಸಿಗಂಟಿನ ಕೆಳಗಿಂದ ಬಂದ ಚಿಗುರನ್ನು ಮೇಲ್ಮೇಲೆ ಕತ್ತರಿಸಿದರೆ ಇನ್ನೂ ದಟ್ಟವಾಗಿ ಚಿಗುರುತ್ತೆ. ಮಣ್ಣು ಬಿಡಿಸಿ, ಹುಟ್ಟಿದ ಜಾಗದಿಂದಲೇ ಕೆಳಮುಖವಾಗಿ ಎಳೆದು ಕೀಳಿ. ಹೊಸದಾಗಿ ನೆಡುವಾಗ ಗಂಟು ಮಣ್ಣಿಗಿಂತ 2 ಇಂಚು ಮೇಲಿರಲಿ, ಆಗ ಇಂಥ ಚಿಗುರು ಬಂದ ಕೂಡಲೇ ಕಣ್ಣಿಗೆ ಬೀಳುತ್ತೆ.